ಗೇಟಿಗೆ ಬಂದ ಸ್ಯಾಂಪಲ್

ಹಾಸ್ಟೆಲಿನಲ್ಲಿ ಕೂತು ಊಹೆಯಿಂದ ಸರ್ವೆ ಪ್ರಶ್ನಾವಳಿ ತುಂಬಿದರೆ, ಅದರೊಳಗಿನ ಜನ ಮರುದಿನ ಕಾಲೇಜಿನ ಗೇಟಿಗೆ ಬಂದು ನಿಲ್ಲುತ್ತಾರೆಂಬುದು ಎಂಬಿಎ ಓದುವವರಿಗೆಲ್ಲ ಗೊತ್ತಿತ್ತು. ಆದರೂ ರಿಪೋರ್ಟ್ ಕೊಡುವ ದಿನ ಹತ್ತಿರವಾದಾಗ ದಾವಣಗೆರೆಯ ಬಿಸಿಲಲ್ಲಿ ಮನೆಮನೆ ಅಲೆಯಲು ಯಾರಿಗೆ ಮನಸ್ಸಾಗುತ್ತದೆ? ಶೈಲಜೆಯೂ ಅಲೆಯಲಿಲ್ಲ, ರೂಮಿನಲ್ಲೇ ಕೂತು ಪ್ರಶ್ನಾವಳಿ ತುಂಬಿದಳು.

ಮರುದಿನ ಬೆಳಿಗ್ಗೆ ವಾಚ್‌ಮನ್ ಫೋನ್ ಮಾಡಿದ. "ಮೇಡಂ, ನಿಮ್ಮ ಟೂತ್‌ಪೇಸ್ಟ್ ಸರ್ವೆ ಮಂದಿ ಬಂದಾರೆ. ಕರ್ಕೊಂಡು ಹೋಗ್ರಿ."

ಬಂದವರಿಗೆ ನೆಲೆ ಕಾಣಿಸುವುದು ಪ್ರಶ್ನಾವಳಿ ತುಂಬಿದವರದೇ ಜವಾಬ್ದಾರಿ. ಅವಳು ಸಂಸಾರವಂದಿಗರೆಂದು ಬರೆದವರು ಹೆಂಡತಿ ಮಕ್ಕಳ ಸಮೇತವೇ ಬಂದಿದ್ದರು. ಪೇಸ್ಟಿನ ಬಗ್ಗೆ ತೃಪ್ತಿಯಿಂದ ಮಾತಾಡುತ್ತ ಮನೆ ಹುಡುಕಿಕೊಂಡು ತಾವೇ ಹೊರಟರು. ಕಲ್ಲುಬೆಂಚಿನ ಮೇಲೆ ಉಳಿದದ್ದು ಗಂಗಮ್ಮ ಎಂಬ ಮುದುಕಿಯೊಬ್ಬಳೇ.

ಶೈಲಜೆ ಕ್ಯಾಂಟೀನಿನಿಂದ ಚಹಾ ತಂದುಕೊಟ್ಟಳು.

"ಮನೇಲಿ ಯಾರೂ ಇಲ್ಲ ಅಂತ ಯಾಕವ್ವಾ ಟಿಕ್ ಹಾಕಿದ್ದೆ?" ಎಂದು ಗಂಗಮ್ಮ ಕೇಳಿದಳು.

"ಎಲ್ಲಾರೂ ಸಂಸಾರಸ್ಥರೇ ಆಗಿಬಿಟ್ಟಿದ್ರು ಅಜ್ಜಿ. ಒಂಟಿಯಾಗಿರೋರೂ ಒಬ್ರು ಇರ್ಲಿ, ಸ್ಯಾಂಪಲ್ ಸಮ ಆಗ್ಲಿ ಅಂತ."

ಅಜ್ಜಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಉಳಿದವರು ಹೋದ ದಾರಿಯನ್ನು ಸ್ವಲ್ಪ ಹೊತ್ತು ನೋಡಿದಳು.

"ಸಮ ಆಯ್ತೇನವ್ವಾ?"