ಇಲಿ ಆದಮೇಲೆ ದರ

“ಇಲಿ,” ಎಂದರು ಆಸ್ಪತ್ರೆಯ ಮಂಚದ ಮೇಲಿದ್ದ ನಿಘಂಟಿನ ಮೇಷ್ಟ್ರು, ತಿರುಗುವ ಫ್ಯಾನನ್ನೇ ನೋಡುತ್ತಾ. “ದರ.” ಸ್ವಲ್ಪ ತಡೆದು, “ಅನುಪಾತ. ಗಿಲಕಿ.”

ಎಳೆವಯಸ್ಸಿನ ಡಾಕ್ಟರು ಕೇಸ್‌ಶೀಟಿನಲ್ಲಿ ‘ರೇವಿಂಗ್’ ಎಂದು ಬರೆದು ಕೆಳಗೊಂದು ಗೆರೆಯನ್ನೂ ಎಳೆದರು. “ಜ್ವರ ಇಳಿದು ಎರಡು ದಿನ ಆಯ್ತಮ್ಮ. ಆದ್ರೂ ಬಾಯಿಗೆ ಬಂದದ್ದು ಬಡಬಡಿಸ್ತಿದಾರೆ. ಮಿದುಳಿಗೇ ಪೆಟ್ಟು ಬಿದ್ದಿರಬೇಕು. ಮಧ್ಯಾಹ್ನ ಮಾನಸಿಕ ವಾರ್ಡಿಗೆ ಕಳಿಸ್ತೀವಿ. ಇಲ್ಲೊಂದು ಸಹಿ ಹಾಕಿ.”

ಐದು ದಿನ ಗಾಜಿನ ಬಾಗಿಲಾಚೆ ನಿಂತು ಗಂಡನ ತುಟಿಯ ಅಲುಗಾಟವನ್ನಷ್ಟೇ ಕಂಡು, ಇವತ್ತೇ ಒಳಗೆ ಬಂದಿದ್ದ ಹೆಂಡತಿ ಪೆನ್ನು ತೆಗೆದುಕೊಂಡರು. ಸಹಿ ಹಾಕಲಿಲ್ಲ.

“ಬಾಯಿಗೆ ಬಂದದ್ದಲ್ಲ ಡಾಕ್ಟ್ರೇ, ಸಾಲಾಗಿ ಬರ್ತಿದೆ! ರ್‍ಯಾಟ್, ರೇಟ್, ರೇಶಿಯೋ, ರ್‍ಯಾಟಲ್. ಇಂಗ್ಲಿಷ್ ಅಕ್ಷರಮಾಲೆ ಹಿಡ್ಕೊಂಡು ನೋಡಿ. ಇಪ್ಪತ್ತು ವರ್ಷದಿಂದ ನಮ್ಮನೇಲಿ ನಿಘಂಟಿನ ಕೆಲಸ ಹೀಗೇನೇ. ಇಂಗ್ಲಿಷ್ ಪಟ್ಟಿ ನನ್ನ ಕೈಲಿ, ಕನ್ನಡದ ಅರ್ಥ ಇವರ ಬಾಯಲ್ಲಿ. ಇವರು ಹೇಳ್ತಾರೆ, ನಾನು ಚೀಟಿಗೆ ಬರೀತೀನಿ.”

“ಇರಬಹುದಮ್ಮ. ಆದ್ರೆ ಗಿಣಿಪಾಠ ನಾಲಿಗೇಲಿ ಉಳಿಯುತ್ತೆ, ಬುದ್ಧಿ ಉಳಿದಿರಲ್ಲ.”

“ಹಾಗಾದ್ರೆ ಗಿಣೀನ ಒಂದ್ಸಲ ಕೆಣಕಿ ನೋಡೋಣ,” ಎಂದ ಹೆಂಡತಿ ಗಂಡನ ಕಿವಿಯ ಹತ್ತಿರ ಬಗ್ಗಿದರು. “ರೀ, ಗಿಲಕಿ ಬರ್ಕೊಂಡೆ. ಮುಂದಿನದು ರೇಜರ್. ಕ್ಷೌರದ ಕತ್ತಿ ಅಂತ ಹಾಕ್ಲಾ?”

ಮೇಷ್ಟ್ರ ಕಣ್ಣು ಫ್ಯಾನಿನಿಂದ ಇಳಿದು, ಐದು ದಿನದಲ್ಲಿ ಮೊದಲ ಸಲ, ಹೆಂಡತಿಯ ಮುಖದ ಮೇಲೆ ನಿಂತಿತು.

“ಹಾಕು, ನನ್ನ ಕುತ್ತಿಗೆಗೇ ಹಾಕು ಕತ್ತಿ! ರೇವ್ ಎಲ್ಲೇ? ರೇವನ್ ಎಲ್ಲೇ? ರಾ, ರೇ? ನಾಲ್ಕು ಪದ ನುಂಗಿ ನೀರು ಕುಡಿದ್ಯಲ್ಲ! ಬರ್ಕೋ. ರೇವ್: ಒಂದು, ಬಡಬಡಿಸು. ಎರಡು, ಬಾಯ್ತುಂಬ ಹೊಗಳು. ಮೂರು, ಇರುಳೆಲ್ಲ ಕುಣಿಯೋ ಪಾರ್ಟಿ. ಮೂರಕ್ಕೆ ಬಳಕೆಯ ವಾಕ್ಯ ಇನ್ನೂ ಸಿಕ್ಕಿಲ್ಲ, ಯಾರಾದ್ರೂ ವಯಸ್ಸಿನ ಹುಡುಗರನ್ನ ಕೇಳು.”

ಹೆಂಡತಿಗೆ ಕಣ್ಣು ತುಂಬಿ ಏನೂ ಕಾಣದಾಯಿತು. ಪೆನ್ನು ಹಾಗೇ ಡಾಕ್ಟರ ಕಡೆ ಚಾಚಿದರು. ಡಾಕ್ಟರು ಅದನ್ನು ತೆಗೆದುಕೊಂಡು, ವಾರ್ಡು ಬದಲಿಸುವ ಕಾಗದವನ್ನು ಖಾಲಿ ಬೆನ್ನು ಮೇಲಾಗುವಂತೆ ಮಗುಚಿ, ಸ್ಟೂಲು ಎಳೆದುಕೊಂಡು ಕೂತರು.

“ಮೂರನೇದಕ್ಕೆ ನಾನೊಂದು ವಾಕ್ಯ ಕೊಡ್ಲಾ ಮೇಷ್ಟ್ರೇ?”

“ಬಿಡಿಸಿ ಬರೀರಿ ಡಾಕ್ಟ್ರೇ,” ಎಂದರು ಹೆಂಡತಿ, ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಾ. “ಇದನ್ನ ಓದೋದು ಔಷಧಿ ಅಂಗಡಿಯವರಲ್ಲ.”