ತಲೆಬುಡವಿಲ್ಲದ ಮಾತು

"ಇಲ್ಲಿ ಹ್ಯಾಪಿನಾ ಮಿಸ್ಟರ್ ಪಿಕರಿಂಗ್? ನಮ್ಮ ಜೊತೆನೇ ಇದ್ದುಬಿಡ್ತೀರಾ?" ಎಂದು ಮೇಟ್ರನ್ ಬಗ್ಗಿ, ಕಿವುಡರನ್ನು ಕೇಳುವ ಹಾಗೆ ಗಟ್ಟಿಯಾಗಿ ಕೇಳಿದಳು. ಎರಡು ವಾರ ಇದ್ದು ನೋಡಲೆಂದು ಬಂದು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಸೆಡ್ರಿಕ್ ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ. "ಹ್ಯಾಪಿ" ಎಂದ.

"ಅಬ್ಬಾ! ಕೇಳಿಸ್ತೇನಮ್ಮಾ? ಅಪ್ಪ ತಾವೇ ಬಾಯಿಬಿಟ್ಟು ಹೇಳಿದ್ರು" ಎಂದು ಮಗಳು ಲಿಂಡ್ಸೆ ಎದೆಯ ಮೇಲೆ ಕೈಯಿಟ್ಟುಕೊಂಡಳು. ಮೇಟ್ರನ್‌ಗೂ ಹಗುರವಾಯಿತು. ವೃದ್ಧಾಶ್ರಮದ ಆ ಕೋಣೆಗೆ ಇನ್ನೊಂದು ಮನೆಯವರು ಕಾದು ಕೂತಿದ್ದರು. ಸೆಡ್ರಿಕ್ ಇಲ್ಲೇ ಉಳಿಯುತ್ತಾನೋ ಇಲ್ಲವೋ ಎಂದು ಇವರು ಇವತ್ತು ಸಂಜೆಯೊಳಗೆ ಒಂದು ಮಾತು ಹೇಳಬೇಕಿತ್ತು. ಸೆಡ್ರಿಕ್‌ನ ಹೆಂಡತಿ ಮಾವಿಸ್ ಮಾತ್ರ ನಗಲಿಲ್ಲ.

"ತಡಿಯೇ ಲಿಂಡ್ಸೆ. ಅದು ಪೂರ್ತಿ ಮಾತೋ ಅರ್ಧವೋ ಯಾರಿಗ್ಗೊತ್ತು?"

ಯಾಕೆಂದರೆ ಸೆಡ್ರಿಕ್‌ನ ಮಾತಿಗೆ ಈಗ ತಲೆಯೂ ಇರಲಿಲ್ಲ, ಬುಡವೂ ಇರಲಿಲ್ಲ. ಇಂಗ್ಲೆಂಡಿನ ಕ್ಲೀತಾರ್ಪ್ಸ್‌ನ ಸಮುದ್ರದಂಡೆಯಲ್ಲಿ, ಕೂಗಿದ ಅಂಕೆಯನ್ನು ಚೀಟಿಯಲ್ಲಿ ಹೊಡೆದು ಗೆಲ್ಲುವ ಬಿಂಗೊ ಆಟದ ಹಾಲಿನಲ್ಲಿ ಆಯುಷ್ಯವೆಲ್ಲ ಅಂಕೆ ಕೂಗಿ, ಒಂದೊಂದು ಅಂಕೆಗೂ ಒಂದೊಂದು ಚಟಾಕಿ ಹಾರಿಸಿ ಹೆಂಗಸರನ್ನು ನಗಿಸಿದವನು. ಈ ವರ್ಷ ಲಕ್ವ ಹೊಡೆದು ಬಲಗೈಯನ್ನೂ, ಪದಗಳ ಹಿಂದುಮುಂದನ್ನೂ ಕಿತ್ತುಕೊಂಡಿತು. ನಡುವಿನ ಮುಂಡ ಮಾತ್ರ ಉಳಿಯಿತು. ಟಿವಿಯಲ್ಲಿ ಊರಿನ ಫುಟ್‌ಬಾಲ್ ತಂಡವನ್ನು ನೋಡುತ್ತ "ಹೋಪ್, ಹೋಪ್" ಎಂದು ನರಳಿದರೆ ಅದು ಹೋಪ್‌ಲೆಸ್. ಆ ತಂಡದ ಆಟ ಕಂಡವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಆದರೆ ಪದದ ಮುಂದಿನ 'ಅನ್' ಬಿದ್ದುಹೋದಾಗ ಫಜೀತಿ. ಒಲೆಯ ಮುಂದೆ ಕೂತು "ಬಟನ್, ಬಟನ್" ಎಂದಾಗ, ಪಾಪ ಚಳಿಯಿರಬೇಕೆಂದು ಮಾವಿಸ್ ಅವನ ಉಣ್ಣೆಯಂಗಿಯ ಗುಂಡಿಯನ್ನೆಲ್ಲ ಕತ್ತಿನವರೆಗೆ ಹಾಕಿದ್ದಳು. ಅವನು ಬೆವರಿ, ಬೇಯಿಸಿದ ಏಡಿಯ ಬಣ್ಣಕ್ಕೆ ತಿರುಗಿದ ಮೇಲೆ ಗೊತ್ತಾಯಿತು, ಅವನಿಗೆ ಬೇಕಿದ್ದದ್ದು ಅನ್‌ಬಟನ್. ಮತ್ತೊಂದು ದಿನ ಹಿತ್ತಲಲ್ಲಿ ನಿಂತು "ಲಾಕ್! ಲಾಕ್!" ಎಂದು ಕೂಗುತ್ತಿದ್ದ. "ಹಾಕಿದೀನಿ ಮಾರಾಯ, ಎಷ್ಟು ಸಲ ಹೇಳ್ಲಿ?" ಎಂದು ಇವಳು ಒಳಗಿನಿಂದಲೇ ಉತ್ತರ ಕೊಟ್ಟಳು, ಅವನನ್ನು ಹೊರಗೆ ಬಿಟ್ಟು ಬಾಗಿಲು ಹಾಕಿಕೊಂಡಿದ್ದು ತಿಳಿಯದೆ. ಬಾಗಿಲು ತೆಗೆದಾಗ ಇಬ್ಬರೂ ಬಿದ್ದು ಬಿದ್ದು ನಕ್ಕಿದ್ದರು.

ಈಗ ನಗು ಬರಲಿಲ್ಲ. ಹ್ಯಾಪಿಯೋ, ಅನ್‌ಹ್ಯಾಪಿಯೋ? ತಲೆಯಾಡಿಸು ಎನ್ನೋಣವೆಂದರೆ ಹೌದು, ಅಲ್ಲ ಎರಡೂ ಅವನಿಗೆ ಅದಲುಬದಲಾಗುತ್ತಿದ್ದವು.

"ಇಲ್ಲಿ ಚೆನ್ನಾಗೇ ತಿಂತಾರಮ್ಮಾ, ಕಸ್ಟರ್ಡ್ ಅಂತೂ ಕೇಳಿ ಹಾಕಿಸ್ಕೊಳ್ತಾರೆ" ಎಂದಳು ಮೇಟ್ರನ್.

"ಕಸ್ಟರ್ಡ್ ಕೊಟ್ರೆ ಅವನು ಜೈಲಲ್ಲೂ ತಿಂತಾನೆ."

"ಅಮ್ಮಾ, ನಿನ್ನ ಬೆನ್ನು ನೆನಪಿರ್ಲಿ" ಎಂದಳು ಲಿಂಡ್ಸೆ ದನಿ ತಗ್ಗಿಸಿ. "ಅವತ್ತು ಬಚ್ಚಲಲ್ಲಿ ಇಬ್ರೂ ಬಿದ್ದಿದ್ರಲ್ಲ, ನಾನು ಬರ್ದೇ ಹೋಗಿದ್ರೆ ಏನ್ಗತಿ?"

ಮಾವಿಸ್ ಮೋಟು ಸ್ಟೂಲೊಂದನ್ನು ಎಳೆದುಕೊಂಡು ಗಂಡನ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಳು. "ಸೆಡ್, ನನ್ನ ಮುಖ ನೋಡು. ಇನ್ನೊಂದ್ಸಲ ಹೇಳು ನನ್ನಪ್ಪಾ. ಅದರ ಮುಂದೆ ಏನಾದ್ರೂ ಇದ್ಯಾ?"

ಸೆಡ್ರಿಕ್‌ನ ಕತ್ತಿನ ನರ ಉಬ್ಬಿತು. ತುಟಿ ಏನನ್ನೋ ಹುಡುಕಿತು. "ಹ್ಯಾಪಿ" ಎಂದ. ಎಡಗೈಯಿಂದ ಕುರ್ಚಿಯ ತೋಳನ್ನು ಗುದ್ದಿದ. "ಹ್ಯಾಪಿ!"

"ಸಾಕಮ್ಮಾ, ಹಿಂಸೆ ಕೊಡ್ಬೇಡ ಅವರಿಗೆ" ಎಂದಳು ಲಿಂಡ್ಸೆ.

ಆಗ ಸೆಡ್ರಿಕ್ ಗುದ್ದಿದ ಮುಷ್ಟಿಯನ್ನು ಬಿಡಿಸಿ, ಒಂದು ಬೆರಳಿನಿಂದ ಮಾವಿಸ್‌ಳ ಗಲ್ಲವನ್ನು ಮುಟ್ಟಿದ. "ಹ್ಯಾಪಿ?" ಎಂದ. ಈ ಸಲ ದನಿ ಕೊನೆಯಲ್ಲಿ ಮೇಲಕ್ಕೆದ್ದಿತ್ತು. ಅವನು ಅವಳನ್ನು ಕೇಳುತ್ತಿದ್ದ.

ಮಾವಿಸ್‌ಗೆ ಮನೆ ಕಣ್ಣ ಮುಂದೆ ಬಂತು. ಅವನಿಲ್ಲದ ಈ ಎರಡು ವಾರ ಕೆಟಲಿನ ಸದ್ದು ಕೂಡ ಊರಿಗೆಲ್ಲ ಕೇಳುವಷ್ಟಿತ್ತು. ಹಾಸಿಗೆಯಲ್ಲಿ ಅವಳು ತನ್ನ ಅಂಚು ಬಿಟ್ಟು ಆಚೆ ಸರಿದಿರಲಿಲ್ಲ. ಆದರೆ ಅವನು ನಿಜಕ್ಕೂ ಇಲ್ಲಿ ಹಾಯಾಗಿದ್ದರೆ? ತನ್ನ ಒಂಟಿತನಕ್ಕೆ ಹೆದರಿ ಅವನನ್ನು ಮತ್ತೆ ಆ ಬಚ್ಚಲಿನ ಜಾರುಗಲ್ಲಿಗೆ ಎಳೆದುಕೊಂಡು ಹೋಗುವುದು ಯಾವ ನ್ಯಾಯ? ತಾನು ಅತ್ತರೆ ಅವನು ಇಲ್ಲಿ ಒಂದು ದಿನವೂ ನೆಮ್ಮದಿಯಿಂದ ಇರುವವನಲ್ಲ. ಮಗಳು ನೋಡುತ್ತಿದ್ದಳು, ಮೇಟ್ರನ್ ನೋಡುತ್ತಿದ್ದಳು.

ಮಾವಿಸ್ ಬೆನ್ನು ನೆಟ್ಟಗೆ ಮಾಡಿಕೊಂಡು, ಇದ್ದಬದ್ದ ನಗುವನ್ನೆಲ್ಲ ಮುಖಕ್ಕೆ ತಂದುಕೊಂಡಳು.

"ಹ್ಯಾಪಿ" ಎಂದಳು.

ಸೆಡ್ರಿಕ್ ಅವಳನ್ನೇ ನೋಡಿದ. ಬಿಂಗೊ ಹಾಲಿನಲ್ಲಿ ಯಾರಾದರೂ ಸುಳ್ಳು ಗೆಲುವು ಕೂಗಿದರೆ ನೋಡುತ್ತಿದ್ದನಲ್ಲ, ಹಾಗೆ. ಅವನ ಬಾಯಿ ನಿಧಾನವಾಗಿ ತೆರೆಯಿತು. ನಾಲಿಗೆ ಹಲ್ಲಿನ ಹಿಂದೆ ತಡವರಿಸಿತು, ಜಾರಿತು, ಮತ್ತೆ ಹೋಗಿ ಅಂಟಿಕೊಂಡಿತು. ಹಣೆಯ ಮೇಲೆ ಬೆವರು ಮೂಡಿತು.

"ಅನ್" ಎಂದ.

"ಏನಂದ್ರು ಅಪ್ಪ? ನಂಗೆ ಗೊತ್ತಾಗ್ಲಿಲ್ಲ" ಎಂದಳು ಲಿಂಡ್ಸೆ.

ಮಾವಿಸ್ ಮೂಗೊರೆಸಿಕೊಂಡು ಸ್ಟೂಲಿನಿಂದ ಎದ್ದಳು. "ನಾನು ನುಂಗಿದ್ದನ್ನ ಅವನು ಹೇಳ್ದ ಕಣೇ. ಹೋಗು, ನಿಮ್ಮಪ್ಪನ ಕೋಟು ತಾ."