ಮೊದಲು ನೋಡಿದವರು

ಘಾಟಿಯ ತಿರುವಿನಲ್ಲಿ ಬೀಗಿತ್ತಿಯ ಮೊಬೈಲ್ ಟಿಂಗ್ ಎಂದಿತು. ಪಕ್ಕದ ಸೀಟಿನಲ್ಲಿದ್ದ ಟೈಲರಮ್ಮನ ಹೊಟ್ಟೆಗೆ ಬೆಂಕಿ ಬಿದ್ದಂತಾಯಿತು. ಆಸ್ಪತ್ರೆಯಲ್ಲಿ ಹೆರುತ್ತಿರುವುದು ತನ್ನ ಮಗಳು. ಸುದ್ದಿ ಮಾತ್ರ ಮಗಳ ಅತ್ತೆಗೆ ಮೊದಲು! ಎರಡು ಗಂಟೆಯಿಂದ ಟೈಲರಮ್ಮ ತನ್ನ ಮೊಬೈಲನ್ನು ಬಸ್ಸಿನ ಕಿಟಕಿಗೆ ಒತ್ತಿ ಹಿಡಿದೇ ಕೂತಿದ್ದಳು. ಪೇಟೆ ದಾಟಿದ ಮೇಲೆ ಒಂದು ಗೆರೆ ಸಿಗ್ನಲ್ಲೂ ಬಂದಿರಲಿಲ್ಲ. ಬೀಗಿತ್ತಿಯದು ಬೇರೆ ಕಂಪನಿಯ ಸಿಮ್. ಅದಕ್ಕೆ ಕಾಡಿನಲ್ಲೂ ನೆಟ್ ಸಿಗುತ್ತಿತ್ತು.

"ನಿಮಗೇನು ಬಿಡಿ, ಎಲ್ಲಾ ಕೂತಲ್ಲಿಗೇ ಬರುತ್ತೆ," ಎಂದು ಟೈಲರಮ್ಮ ಮುಖ ತಿರುಗಿಸಿದಳು.

ಬೀಗಿತ್ತಿ ಮೊಬೈಲನ್ನು ಬೋರಲು ಮಾಡಿ ಅವಳ ಮಡಿಲಲ್ಲಿಟ್ಟಳು. "ಮಗು ಫೋಟೊ ಬಂದಿದೆ ಬೀಗ್ರೇ. ನಾನಿನ್ನೂ ತೆಗೆದು ನೋಡಿಲ್ಲ. ಸೊಸೇನ ಹೆತ್ತವರು ನೀವು, ಮೊದಲು ನೀವೇ ನೋಡಿ."

ಟೈಲರಮ್ಮ ಮೊಬೈಲನ್ನು ಎತ್ತಿಕೊಂಡು ಫೋಟೊ ತೆಗೆದಳು. ಬಿಳಿ ಬಟ್ಟೆಯಲ್ಲಿ ಸುತ್ತಿದ ಕೂಸು, ಪಕ್ಕದಲ್ಲಿ ಸುಸ್ತಾಗಿ ನಗುತ್ತಿರುವ ಮಗಳು. ಕೂಸಿನ ಮುಖದಲ್ಲಿ ತನ್ನ ಕಣ್ಣು, ತನ್ನ ಹಣೆ ಎಲ್ಲಾದರೂ ಇದೆಯೇ ಎಂದು ಅವಳು ಹುಡುಕಿದಳು. ಎಲ್ಲೂ ಇರಲಿಲ್ಲ. ಮತ್ತೆ ಹೊಟ್ಟೆ ಉರಿಯಿತು. ಕಂಡದ್ದನ್ನು ಹೇಳದೆ ಸುಮ್ಮನಿರಬಹುದಿತ್ತು. ಆದರೂ ಮೊಬೈಲನ್ನು ಬೀಗಿತ್ತಿಯ ಕಡೆ ತಿರುಗಿಸಿ ಹೇಳಿದಳು:

"ನೋಡಿ, ಮೂಗು ಪೂರ್ತಿ ನಿಮ್ಮದೇ."